ಅಮೆರಿಕದ ಕೌಂಟಿ ಅರೆಸ್ಟ್ ರೆಕಾರ್ಡ್, ಕೋರ್ಟ್ ರೆಕಾರ್ಡ್: ಎಲ್ಲಿ ಹುಡುಕಬೇಕು, ಯಾವುದನ್ನ ನಂಬಬೇಕು

ಅಮೆರಿಕದಲ್ಲಿರೋ ನಮ್ಮವರಿಗೆ ಈ ಹುಡುಕಾಟದ ಅಗತ್ಯ ಬರೋ ಕಾರಣಗಳು ಹೆಚ್ಚುಕಮ್ಮಿ ಒಂದೇ ಥರ ಇರತ್ವೆ. ಮನೇಲಿ ಒಂದು ರೂಮ್ ಬಾಡಿಗೆಗೆ ಕೊಡ್ತಿದೀರಿ, ಮಗು ನೋಡ್ಕೊಳ್ಳೋಕೆ ಒಬ್ಬರನ್ನ ಇಟ್ಕೊಳ್ತಿದೀರಿ, ಊರಿಂದ ಚಿಕ್ಕಮ್ಮ ಫೋನ್ ಮಾಡಿ "ಹುಡುಗ ಡಲ್ಲಾಸಲ್ಲಿದಾನಂತೆ, ಸ್ವಲ್ಪ ವಿಚಾರಿಸಿ ಹೇಳು ಕಣೋ" ಅಂತಾರೆ, ರೂಮ್‌ಮೇಟ್‌ನ ರಾತ್ರಿ ಪೊಲೀಸ್ ಕರ್ಕೊಂಡು ಹೋದ್ರಂತೆ ಅಂತ ಯಾರೋ ಮೆಸೇಜ್ ಹಾಕ್ತಾರೆ, ಇಲ್ಲಾ ನಿಮ್ಮದೇ ಹಳೇ ಕೇಸಿನ ಪೇಪರ್ ತನ್ನಿ ಅಂತ ಗ್ರೀನ್‌ಕಾರ್ಡ್ ಲಾಯರ್ ಕೇಳ್ತಾರೆ. ಎಲ್ರೂ ಮಾಡೋದು ಒಂದೇ ಕೆಲಸ, ಗೂಗಲ್‌ನಲ್ಲಿ ಹೆಸರು ಹಾಕಿ ಪಕ್ಕದಲ್ಲಿ ಅರೆಸ್ಟ್ ರೆಕಾರ್ಡ್ ಅಂತ ಟೈಪ್ ಮಾಡೋದು, ಮೊದಲು ಬರೋ ನಾಲ್ಕು ರಿಸಲ್ಟೂ ದುಡ್ಡು ಕೇಳೋ ಸೈಟುಗಳೇ ಆಗಿರತ್ವೆ, ಅಲ್ಲಿ ಕೆಂಪು ಬಣ್ಣದಲ್ಲಿ "ಕ್ರಿಮಿನಲ್ ರೆಕಾರ್ಡ್ ಇರಬಹುದು" ಅಂತ ಬರತ್ತೆ, ಎದೆ ಢವಢವ ಅನ್ನತ್ತೆ, ಕಾರ್ಡ್ ನಂಬರ್ ಹಾಕ್ತಾರೆ.

ಅದಕ್ಕೇ ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಒಂದೊಂದಾಗಿ ನೋಡೋಣ. ಇವತ್ತು ಯಾರಾದ್ರೂ ಜೈಲಲ್ಲಿದಾರಾ ಅಂತ ತಿಳೀಬೇಕಾದ್ರೆ ಕೌಂಟಿ (ನಮ್ಮ ಜಿಲ್ಲೆ ಥರದ್ದು) ಶೆರಿಫ್ ಸೈಟ್, ಶೆರಿಫ್ ಅಂದ್ರೆ ಕೌಂಟಿ ಪೊಲೀಸ್ ಮುಖ್ಯಸ್ಥ. ಕೇಸ್ ಇದೆಯಾ, ಏನಾಯ್ತು ಅಂತ ತಿಳೀಬೇಕಾದ್ರೆ ಕೌಂಟಿ ಕೋರ್ಟ್ ಕ್ಲರ್ಕ್, ಅಂದ್ರೆ ಕೋರ್ಟ್ ದಾಖಲೆ ಇಟ್ಕೊಳ್ಳೋ ಆಫೀಸಿನ ಸೈಟ್. ನಿಮ್ಮದೇ ಪೇಪರ್ ಬೇಕಾದ್ರೆ ಅದೇ ಕ್ಲರ್ಕ್ ಆಫೀಸಿಂದ ಸೀಲ್ ಹಾಕಿದ ಕಾಪಿ. ಕೆಲಸಕ್ಕೆ ಇಟ್ಕೊಳ್ಳೋಕೆ, ಮನೆ ಬಾಡಿಗೆಗೆ ಕೊಡೋಕೆ ಅಂದ್ರೆ ಆ ವ್ಯಕ್ತಿಯ ಒಪ್ಪಿಗೆ ತಗೊಂಡು ಕಾನೂನು ಪ್ರಕಾರ ನಡೆಯೋ ಬ್ಯಾಕ್‌ಗ್ರೌಂಡ್ ಚೆಕ್ ಕಂಪನಿ. ತಿಂಗಳ ಚಂದಾ ತಗೊಳ್ಳೋ ಪೀಪಲ್ ಸರ್ಚ್ ಸೈಟು ಮೇಲಿನ ಯಾವ ಕೆಲಸಕ್ಕೂ ಬೇಕಾಗಿಲ್ಲ.

ಅರೆಸ್ಟ್ ಬೇರೆ, ಕೇಸ್ ಬೇರೆ, ಶಿಕ್ಷೆ ಬೇರೆ

ಇದು ತಲೇಲಿ ಗಟ್ಟಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಯಾವ ಸೈಟ್ ನೋಡಿದ್ರೂ ತಪ್ಪಾಗೇ ಓದ್ತೀವಿ. ಟೆಕ್ಸಾಸ್ ಉದಾಹರಣೆ ತಗೊಳ್ಳಿ. ಪೊಲೀಸ್ ಹಿಡಿದು ಕೌಂಟಿ ಜೈಲಿಗೆ ತರ್ತಾರೆ, ಫೋಟೋ, ಬೆರಳಚ್ಚು ಆಗತ್ತೆ, ಇದು ಬುಕಿಂಗ್. 48 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು, ಬಾಂಡ್, ಅಂದ್ರೆ ಜಾಮೀನಿನ ಮೊತ್ತ ಎಷ್ಟು ಅಂತ ಅಲ್ಲಿ ತೀರ್ಮಾನ ಆಗತ್ತೆ. ಇಲ್ಲಿವರೆಗೂ ಆಗಿರೋದೆಲ್ಲ ಪೊಲೀಸರ ಕಡೆಯ ಮಾತು. ಆಮೇಲೆ ಫೈಲ್ ಸರ್ಕಾರಿ ಪ್ರಾಸಿಕ್ಯೂಟರ್ ಹತ್ರ ಹೋಗತ್ತೆ, ಅವರು ಅದೇ ಆರೋಪ ಹಾಕಬಹುದು, ಕಮ್ಮಿ ಮಾಡಬಹುದು, ಏನೂ ಹಾಕದೇ ಬಿಡಬಹುದು. ಫೆಲೊನಿ ಅಂದ್ರೆ ದೊಡ್ಡ ಅಪರಾಧ ಆದ್ರೆ ಗ್ರ್ಯಾಂಡ್ ಜ್ಯೂರಿ, ಅಂದ್ರೆ ಸಾಮಾನ್ಯ ನಾಗರಿಕರ ತಂಡದ ಮುಂದೆ ಹೋಗ್ಬೇಕು, ಅವರು ಸಾಕ್ಷಿ ಸಾಲದು ಅಂದ್ರೆ ನೋ ಬಿಲ್ ಅಂತ ಬರೆದು ಮುಗಿಸ್ತಾರೆ. ಆರೋಪ ಕೋರ್ಟಲ್ಲಿ ಫೈಲ್ ಆದ ಮೇಲೇನೇ ಕೇಸ್ ನಂಬರ್ ಹುಟ್ಟೋದು. ಜೈಲ್ ಸೈಟಲ್ಲಿ ಹೆಸರು ಕಂಡು ಕೋರ್ಟ್ ಸೈಟಲ್ಲಿ ಕಾಣದೇ ಇರೋಕೆ ಇದೇ ಕಾರಣ, ಎರಡರ ಮಧ್ಯೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹೋಗತ್ವೆ.

ನಮ್ಮವರ ಕೇಸುಗಳು ಬರೋ ದಾರಿಗಳೂ ನೋಡಿ. ಮೊದಲನೇದು ವೀಕೆಂಡ್ ಪಾರ್ಟೀಲಿ ಕುಡಿದು ಗಾಡಿ ಓಡಿಸಿದ್ದು, ಇದಕ್ಕೆ ಡಿಡಬ್ಲ್ಯುಐ ಅಂತಾರೆ, ಟೆಕ್ಸಾಸಲ್ಲಿ ಮೊದಲ ಸಲದ್ದು ಸಾಮಾನ್ಯವಾಗಿ ಕ್ಲಾಸ್ ಬಿ ಮಿಸ್‌ಡಿಮೀನರ್, ಅಂದ್ರೆ 180 ದಿನದವರೆಗೆ ಜೈಲಾಗಬಹುದಾದ ಅಪರಾಧ. ಎರಡನೇದು, ಅಂಗಡಿ ಸೆಲ್ಫ್ ಚೆಕೌಟ್‌ನಲ್ಲಿ ಎರಡು ಐಟಂ ಸ್ಕ್ಯಾನ್ ಆಗಿರಲ್ಲ, ಹುಡುಗ ಹುಡುಗಿಯರು ಸ್ಟೂಡೆಂಟ್ ವೀಸಾದಲ್ಲಿರ್ತಾರೆ, ಕೇಸ್ ಕಳ್ಳತನದ್ದು. ಮೂರನೇದು ಗಂಡ ಹೆಂಡ್ತಿ ಜಗಳ, ಸಿಟ್ಟಲ್ಲೋ ಭಯದಲ್ಲೋ 911ಕ್ಕೆ ಫೋನ್ ಹೋಗತ್ತೆ, ಪೊಲೀಸ್ ಬಂದ್ರೆ ಒಬ್ಬರನ್ನ ಕರ್ಕೊಂಡು ಹೋಗೋ ಸಾಧ್ಯತೆ ಜಾಸ್ತಿ, ಬೆಳಿಗ್ಗೆ "ಕೇಸ್ ವಾಪಸ್ ತಗೋತೀನಿ" ಅಂದ್ರೆ ನಡೆಯಲ್ಲ, ಯಾಕಂದ್ರೆ ಕೇಸ್ ಹಾಕೋದು ಬಿಡೋದು ಪ್ರಾಸಿಕ್ಯೂಟರ್ ಕೈಲಿರತ್ತೆ, ಫೋನ್ ಮಾಡಿದವರ ಕೈಲಲ್ಲ. ಈ ಮೂರರಲ್ಲೂ ವಜಾ ಆಗೋ ಕೇಸುಗಳು ಎಷ್ಟೋ ಇರತ್ವೆ. ಅರೆಸ್ಟ್ ಆಗಿದ್ದಷ್ಟೇ ನೋಡಿ ಸಂಬಂಧ ಬಿಡೋದು, ಬಾಡಿಗೆ ಇಲ್ಲ ಅನ್ನೋದು ಒಬ್ಬ ಮನುಷ್ಯನಿಗೆ ಮಾಡೋ ಅನ್ಯಾಯ ಅಂತ ನಾನು ಖಂಡಿತವಾಗಿ ನಂಬ್ತೀನಿ.

ಮೊದಲು ಕೌಂಟಿ ಯಾವುದು ಅಂತ ಗೊತ್ತಾಗ್ಬೇಕು

ಅಮೆರಿಕದಲ್ಲಿ ಕೌಂಟಿ ಮತ್ತು ಅದಕ್ಕೆ ಸಮನಾದ ಘಟಕಗಳು ಮೂರು ಸಾವಿರದ ಮೇಲಿವೆ. ಇಡೀ ದೇಶಕ್ಕೆ ಸೇರಿಸಿ ಸಾರ್ವಜನಿಕರು ಉಚಿತವಾಗಿ ಹುಡುಕಬಹುದಾದ ಒಂದು ಸರ್ಕಾರಿ ಸೈಟು ಇಲ್ಲ, ಇದೆ ಅಂತ ಯಾರಾದ್ರೂ ಮಾರ್ತಿದ್ರೆ ನಂಬಬೇಡಿ. ಕೇಸ್ ದಾಖಲಾಗೋದು ಘಟನೆ ನಡೆದ ಕೌಂಟಿಲಿ, ವ್ಯಕ್ತಿ ಇರೋ ಮನೆ ಅಡ್ರೆಸ್ ಕೌಂಟಿಲಿ ಅಲ್ಲ. ಇನ್ನೊಂದು ತೊಡಕು, ಊರಿನ ಗಡಿ ಕೌಂಟಿ ಗಡಿ ಒಂದೇ ಆಗಿರಲ್ಲ. ನಮ್ಮವರು ತುಂಬಿರೋ ಫ್ರಿಸ್ಕೋ ಊರನ್ನೇ ತಗೊಳ್ಳಿ, ಅರ್ಧ ಊರು ಕಾಲಿನ್ ಕೌಂಟಿಲಿದೆ, ಉಳಿದಿದ್ದು ಡೆಂಟನ್ ಕೌಂಟಿಲಿದೆ. ಒಂದರ ಜೈಲು ಕೋರ್ಟು ಮೆಕಿನ್ನಿಯಲ್ಲಿ, ಇನ್ನೊಂದರದ್ದು ಡೆಂಟನ್ ಊರಲ್ಲಿ. ಅದೇ ವ್ಯಕ್ತಿ ಅರ್ವಿಂಗ್‌ನಲ್ಲಿ ಊಟ ಮುಗಿಸಿ ವಾಪಸ್ ಬರ್ತಾ ಸಿಕ್ಕಿಬಿದ್ದಿದ್ರೆ ಅದು ಡಲ್ಲಾಸ್ ಕೌಂಟಿ. ಹಾಗಾಗಿ ಫ್ರಿಸ್ಕೋದವರನ್ನ ಹುಡುಕೋದಾದ್ರೆ ಕಮ್ಮಿ ಅಂದ್ರೂ ಮೂರು ಕೌಂಟಿ ಸೈಟ್ ನೋಡ್ಲೇಬೇಕು. ಆಸ್ಟಿನ್ ಕಡೆಯವರಿಗೆ ಟ್ರಾವಿಸ್ ಜೊತೆ ವಿಲಿಯಮ್ಸನ್, ಬೇ ಏರಿಯಾದವರಿಗೆ ಸಾಂಟಾ ಕ್ಲಾರಾ ಜೊತೆ ಫ್ರೀಮಾಂಟ್ ಇರೋ ಅಲಮೀಡಾ, ಸಿಯಾಟಲ್ ಕಡೆ ಕಿಂಗ್ ಜೊತೆ ಸ್ನೊಹೊಮಿಶ್. ಲೂಯಿಸಿಯಾನಾದಲ್ಲಿ ಕೌಂಟಿಗೆ ಪ್ಯಾರಿಷ್ ಅಂತಾರೆ. ವರ್ಜೀನಿಯಾದಲ್ಲಿ 38 ಊರುಗಳು ಯಾವ ಕೌಂಟಿಗೂ ಸೇರಲ್ಲ, ಫೇರ್‌ಫ್ಯಾಕ್ಸ್ ಸಿಟಿ ಬೇರೆ ಫೇರ್‌ಫ್ಯಾಕ್ಸ್ ಕೌಂಟಿ ಬೇರೆ.

ಊರಲ್ಲಿ ಇ-ಕೋರ್ಟ್ಸ್ ಸೈಟ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸ್ಕೊಂಡು ಪಾರ್ಟಿ ಹೆಸರು ಹಾಕಿ ಹುಡುಕಿ ಅಭ್ಯಾಸ ಇದ್ದವರಿಗೆ ಇಲ್ಲಿ ಸ್ವಲ್ಪ ಗಲಿಬಿಲಿ ಆಗತ್ತೆ, ಯಾಕಂದ್ರೆ ಇಲ್ಲಿ ಒಂದೊಂದು ಕೌಂಟಿಗೂ ಒಂದೊಂದು ಸಾಫ್ಟ್‌ವೇರ್, ಒಂದೊಂದು ನಿಯಮ.

ಶೆರಿಫ್ ಜೈಲ್ ಲಿಸ್ಟ್: ಇವತ್ತಿನ ಮಟ್ಟಿಗೆ ಅತ್ಯುತ್ತಮ

ಕೌಂಟಿ ಜೈಲು ನಡೆಸೋದು ಹೆಚ್ಚಿನ ಕಡೆ ಶೆರಿಫ್. ಅವರ ಸೈಟಲ್ಲಿ ಇನ್‌ಮೇಟ್ ಸರ್ಚ್ ಅಂತಲೋ ಜೈಲ್ ರೋಸ್ಟರ್ ಅಂತಲೋ ಇರತ್ತೆ, ಉಚಿತ, ಲಾಗಿನ್ ಬೇಡ, ಹೆಸರು ಹಾಕಿದ್ರೆ ಬುಕ್ ಆದ ಸಮಯ, ಆರೋಪ, ಬಾಂಡ್ ಮೊತ್ತ ಬರತ್ತೆ. ರೂಮ್‌ಮೇಟ್ ಎಲ್ಲಿದಾನೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಬೇಗ ಉತ್ತರ ಕೊಡೋದು ಬೇರೇನಿಲ್ಲ. ಸಿಗಲಿಲ್ಲ ಅಂದ್ರೆ ಗಾಬರಿ ಬೇಡ, ಮೊದಲ ಕೆಲವು ಗಂಟೆ ಊರಿನ ಪೊಲೀಸ್ ಲಾಕಪ್‌ನಲ್ಲೇ ಇಟ್ಕೊಂಡಿರ್ತಾರೆ, ಆ ಊರಿನ ಪೊಲೀಸ್ ಸ್ಟೇಷನ್‌ಗೆ ನಾನ್ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ ಕೇಳಿ, ಇಲ್ಲಾ ಪಕ್ಕದ ಕೌಂಟಿ ಸೈಟ್ ನೋಡಿ.

ಇನ್ನೊಂದು ಉಪಯೋಗ ಇದೆ, ಇದನ್ನ ಊರಲ್ಲಿರೋ ಅಪ್ಪ ಅಮ್ಮಂದಿರಿಗೂ ಹೇಳಿಡಿ. "ನಿಮ್ಮ ಮಗ ಅರೆಸ್ಟ್ ಆಗಿದಾನೆ, ತಕ್ಷಣ ದುಡ್ಡು ಹಾಕಿ" ಅಂತ ಫೋನ್ ಮಾಡಿ ಹೆದರಿಸೋರು ಇದಾರೆ. ಮೊದಲು ಮಗನಿಗೇ ಫೋನ್ ಮಾಡಿ, ಸಿಗ್ಲಿಲ್ಲ ಅಂದ್ರೆ ಕೌಂಟಿ ಹೆಸರು ಕೇಳ್ಕೊಂಡು ಶೆರಿಫ್ ಸೈಟ್ ನೋಡಿ, ಜೈಲಿನ ಅಧಿಕೃತ ನಂಬರಿಗೆ ಕರೆ ಮಾಡಿ, ಅಲ್ಲಿವರೆಗೂ ಒಂದು ರೂಪಾಯಿನೂ ಕಳಿಸಬೇಡಿ.

ಇದರ ಕೊರತೆ ಏನಂದ್ರೆ, ಎಷ್ಟೋ ಕೌಂಟಿಗಳಲ್ಲಿ ಬಿಡುಗಡೆ ಆದ ಕೂಡಲೇ ಹೆಸರು ಲಿಸ್ಟಿಂದ ಹೋಗತ್ತೆ, ಕೆಲವು ಕಡೆ ಸ್ವಲ್ಪ ದಿನ ಇರತ್ತೆ ಅಷ್ಟೆ. ಹಳೇದು ಹುಡುಕೋಕೆ ಇದು ಕೆಲಸಕ್ಕೆ ಬರಲ್ಲ. ಮತ್ತೆ ಇಲ್ಲಿ ಬರೆದಿರೋದು ಪೊಲೀಸರು ಹಾಕಿದ ಆರೋಪ, ಕೋರ್ಟಲ್ಲಿ ಅದೇ ನಿಲ್ಲತ್ತೆ ಅಂತೇನಿಲ್ಲ.

ಜೊತೆಗೆ ವೈನ್ ಅನ್ನೋ ಉಚಿತ ವ್ಯವಸ್ಥೆ ಇದೆ, ಕೆಂಟಕಿಯ ಲೂಯಿವಿಲ್‌ನಲ್ಲಿ 1994ರಲ್ಲಿ ಶುರುವಾಗಿದ್ದು. ಅಲ್ಲಿ ಒಬ್ಬ ಯುವತಿಯ ಮೇಲೆ ಅತ್ಯಾಚಾರ ಮಾಡಿ ಜೈಲಿಗೆ ಹೋಗಿದ್ದವನು ಬೇಲ್ ಮೇಲೆ ಹೊರಗೆ ಬಂದಿದ್ದು ಆಕೆಗೆ ಯಾರೂ ಹೇಳಿರಲಿಲ್ಲ, ಆತ ಬಂದು ಆಕೆಯನ್ನ ಕೊಂದ, ಆಮೇಲೆ ಹುಟ್ಟಿದ್ದು ಈ ವ್ಯವಸ್ಥೆ. ಈಗ ಬಹುಪಾಲು ರಾಜ್ಯಗಳಲ್ಲಿದೆ, ಹೆಸರು ನೋಂದಾಯಿಸಿಟ್ರೆ ಆ ವ್ಯಕ್ತಿ ಬಿಡುಗಡೆ ಆದಾಗ ನಿಮಗೆ ಫೋನೋ ಮೆಸೇಜೋ ಬರತ್ತೆ. ಮನೇಲಿ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳು ಯಾರಾದ್ರೂ ನಿಮಗೆ ಗೊತ್ತಿದ್ರೆ ಇದೊಂದನ್ನ ತಪ್ಪದೇ ತಿಳಿಸಿ.

ಇಮಿಗ್ರೇಶನ್‌ನವರು ಹಿಡಿದಿದ್ರೆ ಕೌಂಟಿ ಲಿಸ್ಟಿಂದ ಹೆಸರು ಹೋಗಿರತ್ತೆ, ಅದಕ್ಕೆ ಐಸ್ ಅನ್ನೋ ಇಮಿಗ್ರೇಶನ್ ಜಾರಿ ಇಲಾಖೆಯವರದ್ದೇ ಡಿಟೇನಿ ಲೊಕೇಟರ್ ಇದೆ, ಎ-ನಂಬರ್ (ಇಮಿಗ್ರೇಶನ್‌ನವರು ಕೊಡೋ ಗುರುತಿನ ನಂಬರ್) ಮತ್ತು ಹುಟ್ಟಿದ ದೇಶ ಹಾಕಿ ಹುಡುಕ್ಬೇಕು, ಇಲ್ಲಾ ಪೂರ್ತಿ ಹೆಸರು ಮತ್ತು ದೇಶ.

ಕೌಂಟಿ ಕೋರ್ಟ್ ಪೋರ್ಟಲ್: ನನ್ನ ಓಟು ಇದಕ್ಕೆ

ಯಾರ ಬಗ್ಗೆಯಾದ್ರೂ ನಿಜ ತಿಳೀಬೇಕಂದ್ರೆ ಕೊನೆಗೆ ಬರ್ಬೇಕಾಗಿರೋದು ಇಲ್ಲಿಗೇ, ಉಳಿದ ಎಲ್ಲ ಸೈಟುಗಳೂ ಇಲ್ಲಿಂದ ಎತ್ಕೊಂಡು ಹೋಗಿದ್ದನ್ನೇ ಮಾರೋದು. ಕಾಲಿನ್, ಡೆಂಟನ್, ಡಲ್ಲಾಸ್ ಮೂರೂ ಕೌಂಟಿಗೆ ಆನ್‌ಲೈನ್ ಕೇಸ್ ಸರ್ಚ್ ಇದೆ, ಹ್ಯೂಸ್ಟನ್ ಇರೋ ಹ್ಯಾರಿಸ್ ಕೌಂಟಿಲಿ ಡಿಸ್ಟ್ರಿಕ್ಟ್ ಕ್ಲರ್ಕ್ ಸೈಟು. ಟೆಕ್ಸಾಸಲ್ಲಿ ಫೆಲೊನಿಗಳು ಡಿಸ್ಟ್ರಿಕ್ಟ್ ಕೋರ್ಟಿಗೆ, ಕ್ಲಾಸ್ ಎ ಬಿ ಮಿಸ್‌ಡಿಮೀನರ್‌ಗಳು ಕೌಂಟಿ ಕೋರ್ಟಿಗೆ, 500 ಡಾಲರ್ ದಂಡದ ಒಳಗಿನ ಕ್ಲಾಸ್ ಸಿ ಕೇಸುಗಳು ಊರಿನ ಮುನಿಸಿಪಲ್ ಕೋರ್ಟಿಗೋ ಜಸ್ಟಿಸ್ ಆಫ್ ಪೀಸ್ ಕೋರ್ಟಿಗೋ ಹೋಗತ್ವೆ. ಸರ್ಚ್ ಮಾಡೋವಾಗ ಕ್ರಿಮಿನಲ್ ಅಂತ ಆರಿಸಿದೀರಾ, ಎಲ್ಲಾ ಕೋರ್ಟ್ ಆರಿಸಿದೀರಾ ಅಂತ ನೋಡ್ಕೊಳ್ಳಿ, ಒಂದೇ ಕೋರ್ಟ್ ಆರಿಸಿ "ಏನೂ ಇಲ್ಲ" ಅಂತ ನಿಟ್ಟುಸಿರು ಬಿಡೋರು ಜಾಸ್ತಿ.

ಕೇಸ್ ಓಪನ್ ಆದ್ರೆ ಮೇಲೆ ಸ್ಟೇಟ್ ಆಫ್ ಟೆಕ್ಸಾಸ್ ವರ್ಸಸ್ ಇಂಥವರು ಅಂತ ಇರತ್ತೆ, ಕೆಳಗೆ ಅಪರಾಧದ ಹೆಸರು, ದರ್ಜೆ, ಘಟನೆ ನಡೆದ ತಾರೀಕು, ಫೈಲ್ ಆದ ತಾರೀಕು, ಲಾಯರ್ ಹೆಸರು, ಆಮೇಲೆ ಒಂದೊಂದು ಹಿಯರಿಂಗ್ ಸಾಲಾಗಿ. ಜನ ಅಪರಾಧದ ಹೆಸರು ಓದಿ ನಿಲ್ಲಿಸ್ತಾರೆ. ನೀವು ಡಿಸ್ಪೊಸಿಶನ್ ಅನ್ನೋ ಸಾಲಿಗೆ ಹೋಗಿ, ಕೇಸ್ ಹೇಗೆ ಮುಗೀತು ಅನ್ನೋದು ಅಲ್ಲಿರತ್ತೆ. ಡಿಸ್‌ಮಿಸ್ಡ್ ಅಂದ್ರೆ ವಜಾ. ನೊಲೆ ಪ್ರಾಸಿಕ್ವಿ ಅಂದ್ರೆ ಸರ್ಕಾರಿ ವಕೀಲರೇ ಮುಂದುವರಿಸಲ್ಲ ಅಂದಿದ್ದು. ಅಕ್ವಿಟೆಡ್ ಅಂದ್ರೆ ಖುಲಾಸೆ. ನೋಲೊ ಕಂಟೆಂಡರೆ ಅಂತ ಇದ್ರೆ ತಪ್ಪು ಒಪ್ಪಲ್ಲ ಆದ್ರೆ ವಾದಿಸೋದೂ ಇಲ್ಲ ಅಂತ ಹೇಳಿದ್ದು, ಅದರ ಮೇಲೆ ಶಿಕ್ಷೆ ಆಗಿರಬಹುದು. ಕೇಪಿಯಸ್ ಅಂತ ಕಂಡ್ರೆ ವಾರಂಟ್ ಹೊರಡಿಸಿದಾರೆ ಅಂತ. ಅಲ್ಲಿ ಪೆಂಡಿಂಗ್ ಅಂತ ಇದ್ರೆ ಕೇಸ್ ಇನ್ನೂ ಮುಗಿದಿಲ್ಲ, ಆ ವ್ಯಕ್ತಿನ ಅಪರಾಧಿ ಅನ್ನೋಕೆ ನಮಗೆ ಯಾವ ಹಕ್ಕೂ ಇಲ್ಲ.

ಡಿಫರ್ಡ್ ಅಡ್ಜುಡಿಕೇಶನ್ ಅಂತ ಒಂದು ಬರತ್ತೆ, ಇದನ್ನ ಎರಡು ಸಲ ಓದಿ. ತಪ್ಪು ಒಪ್ಕೊಂಡು ಇಷ್ಟು ತಿಂಗಳು ಸರಿಯಾಗಿದ್ರೆ ಶಿಕ್ಷೆ ಅಂತ ಬರೆಯದೇ ಕೇಸ್ ಮುಗಿಸ್ತಾರೆ, ಟೆಕ್ಸಾಸ್ ಲೆಕ್ಕದಲ್ಲಿ ಅದು ಕನ್ವಿಕ್ಷನ್, ಅಂದ್ರೆ ಅಪರಾಧಿ ಅಂತ ತೀರ್ಪು ಅಲ್ಲ. ಆದ್ರೆ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಇಮಿಗ್ರೇಶನ್ ಕಾನೂನಲ್ಲಿ ತಪ್ಪು ಒಪ್ಕೊಂಡು ಕೋರ್ಟ್ ಏನಾದ್ರೂ ನಿರ್ಬಂಧ ಹಾಕಿದ್ರೆ ಅದು ಕನ್ವಿಕ್ಷನ್ನೇ. ಲೋಕಲ್ ಕ್ರಿಮಿನಲ್ ಲಾಯರ್ "ಇದೇ ಬೆಸ್ಟ್ ಡೀಲ್, ಸೈನ್ ಹಾಕಿ" ಅಂದ್ರು ಅಂತ ಸೈನ್ ಹಾಕಿ, ವರ್ಷಗಳಾದ ಮೇಲೆ ಗ್ರೀನ್‌ಕಾರ್ಡ್ ಹೊತ್ತಿಗೆ ಒದ್ದಾಡೋ ಪರಿಸ್ಥಿತಿ ಬರೋದು ಇಲ್ಲಿಂದಲೇ. ವೀಸಾದಲ್ಲಿರೋರು ಯಾವ ಪ್ಲೀ (ತಪ್ಪು ಒಪ್ತೀನಿ, ಇಲ್ಲ ಅನ್ನೋ ಹೇಳಿಕೆ) ಕೊಡೋಕೆ ಮುಂಚೆನೂ ಇಮಿಗ್ರೇಶನ್ ಲಾಯರ್‌ನ ಕೇಳ್ಲೇಬೇಕು.

ಎಲ್ಲಾ ರಾಜ್ಯನೂ ಟೆಕ್ಸಾಸ್ ಥರ ತೆರೆದಿಟ್ಟಿಲ್ಲ. ಕ್ಯಾಲಿಫೋರ್ನಿಯಾ ಕೋರ್ಟ್ ನಿಯಮದ ಪ್ರಕಾರ ಕ್ರಿಮಿನಲ್ ಕೇಸಿನ ಡಾಕ್ಯುಮೆಂಟ್‌ಗಳನ್ನ ಸಾರ್ವಜನಿಕರು ಮನೇಲಿ ಕೂತು ಆನ್‌ಲೈನ್ ಓದೋ ಹಾಗಿಲ್ಲ, ಕೋರ್ಟಿಗೇ ಹೋಗಿ ಅಲ್ಲಿನ ಕಂಪ್ಯೂಟರಲ್ಲಿ ನೋಡ್ಬೇಕು, ಆನ್‌ಲೈನ್ ಸಿಗೋದು ಕೇಸಿನ ಹೊರರೂಪ ಅಷ್ಟೆ. ಅದರ ಮೇಲೆ 2021ರಲ್ಲಿ ರಿವರ್‌ಸೈಡ್ ಕೌಂಟಿ ಕೋರ್ಟಿನ ವಿರುದ್ಧ ನಡೆದ ಒಂದು ಕೇಸಲ್ಲಿ ಮೇಲ್ಮನವಿ ಕೋರ್ಟು, ಜನ್ಮದಿನಾಂಕ ಅಥವಾ ಡ್ರೈವಿಂಗ್ ಲೈಸೆನ್ಸ್ ನಂಬರ್ ಹಾಕಿ ಸೋಸೋ ಸೌಲಭ್ಯ ಕೊಡಬಾರದು ಅಂತ ಹೇಳ್ತು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಕುಮಾರ್ ಅಂತ ಹುಡುಕಿ ಯಾವ ಕುಮಾರ್ ಅಂತ ತೀರ್ಮಾನ ಮಾಡೋದು ನಿಜವಾಗ್ಲೂ ಕಷ್ಟ. ಅಲ್ಲಿ ಆನ್‌ಲೈನ್ ಏನೂ ಸಿಗ್ಲಿಲ್ಲ ಅಂದ್ರೆ ಕೇಸೇ ಇಲ್ಲ ಅಂತ ಅರ್ಥ ಮಾಡ್ಕೋಬೇಡಿ.

ಇದಕ್ಕೆ ಪೂರ್ತಿ ಉಲ್ಟಾ ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್. ಇಡೀ ರಾಜ್ಯದ ಕೋರ್ಟ್ ಕೇಸುಗಳು ಒಂದೇ ಉಚಿತ ಸೈಟಲ್ಲಿ, ಕೌಂಟಿ ಕೌಂಟಿ ಸುತ್ತೋದು ಬೇಡ. ನ್ಯೂಯಾರ್ಕಲ್ಲಿ ವೆಬ್‌ಕ್ರಿಮ್ಸ್ ಅನ್ನೋ ಕೋರ್ಟ್ ಸೈಟ್ ಉಚಿತ, ಆದ್ರೆ ಮುಂದೆ ಹಿಯರಿಂಗ್ ತಾರೀಕು ಇರೋ ಕೇಸಷ್ಟೇ ಕಾಣತ್ತೆ. ಹಳೇದು ಬೇಕಂದ್ರೆ ಕೋರ್ಟ್ ಆಡಳಿತದವರ ರಾಜ್ಯವ್ಯಾಪಿ ಸರ್ಚ್, ಒಂದು ಹೆಸರಿಗೆ 95 ಡಾಲರ್, ಹೆಸರಿನ ಸ್ಪೆಲ್ಲಿಂಗ್ ಜನ್ಮದಿನಾಂಕ ಸರಿಯಾಗಿ ಕೂತ್ರೆ ಮಾತ್ರ ರಿಸಲ್ಟ್. ಮತ್ತೆ ಅಲ್ಲಿ ವಜಾ ಆದ ಕೇಸುಗಳನ್ನ ಸೀಲ್ ಮಾಡ್ತಾರೆ, ಅದು ನ್ಯಾಯವೂ ಹೌದು.

ರಾಜ್ಯ ಪೊಲೀಸ್ ಡೇಟಾಬೇಸ್

ಕೌಂಟಿ ಯಾವುದು ಅಂತ ಗೊತ್ತಿಲ್ಲದಾಗ, ಇಡೀ ರಾಜ್ಯ ಒಂದೇ ಸಲ ನೋಡ್ಬೇಕಂದಾಗ ಇದು ಸರಿ. ಟೆಕ್ಸಾಸ್ ಡಿಪಿಎಸ್ (ಅಲ್ಲಿನ ರಾಜ್ಯ ಪೊಲೀಸ್ ಇಲಾಖೆ) ಸೈಟಲ್ಲಿ ಒಂದು ಹುಡುಕಾಟಕ್ಕೆ ಒಂದು ಕ್ರೆಡಿಟ್, ಹೆಚ್ಚುಕಮ್ಮಿ ಒಂದು ಡಾಲರ್. ವಾಷಿಂಗ್ಟನ್ ರಾಜ್ಯದ ವಾಚ್ ಅನ್ನೋದು 11 ಡಾಲರ್, ಮಿಶಿಗನ್‌ನ ಐಚಾಟ್ 10 ಡಾಲರ್, ಫ್ಲೋರಿಡಾದಲ್ಲಿ 24. ಟೆಕ್ಸಾಸಲ್ಲಿ ಸಾರ್ವಜನಿಕರಿಗೆ ಕಾಣೋದು ಶಿಕ್ಷೆ ಮತ್ತು ಡಿಫರ್ಡ್ ಅಡ್ಜುಡಿಕೇಶನ್ ಮಾತ್ರ, ವಜಾ ಆಗಿದ್ದು ಬರಲ್ಲ, ಪೆಂಡಿಂಗ್ ಇರೋದೂ ಬರಲ್ಲ. ನನಗೆ ಕೇಳಿದ್ರೆ ಬೇಬಿಸಿಟರ್ ಅಥವಾ ರೂಮ್ ಬಾಡಿಗೆಯವರ ಬಗ್ಗೆ ಮೊದಲ ನೋಟಕ್ಕೆ ಇದು ಒಳ್ಳೇದು, ಒಂದು ಡಾಲರಿಗೆ 254 ಕೌಂಟಿ ನೋಡಿದ ಹಾಗಾಗತ್ತೆ, ಆಮೇಲೆ ಅವರು ವಾಸ ಮಾಡಿರೋ ಕೌಂಟಿಗಳ ಕೋರ್ಟ್ ಸೈಟ್ ನೋಡಿ ಪೆಂಡಿಂಗ್ ಏನಾದ್ರೂ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಕೌಂಟಿಗಳು ಕಳಿಸಿದ್ರೇನೇ ರಾಜ್ಯದವರ ಹತ್ರ ಮಾಹಿತಿ ಇರೋದು, ಅದಕ್ಕೇ ಇದೊಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ.

ಎಫ್‌ಬಿಐ ಮತ್ತು ಫೆಡರಲ್ ಕೋರ್ಟ್

ಎಫ್‌ಬಿಐ ರಿಪೋರ್ಟ್ ಬೇರೆಯವರದ್ದು ಸಿಗಲ್ಲ, ನಿಮ್ಮದು ಮಾತ್ರ, ಬೆರಳಚ್ಚು ಕೊಡ್ಬೇಕು, ಫೀಸು 18 ಡಾಲರ್. ಕೆನಡಾಗೋ ಆಸ್ಟ್ರೇಲಿಯಾಗೋ ಹೋಗೋವಾಗ ಕೇಳೋ ಅಮೆರಿಕದ ಪೊಲೀಸ್ ಕ್ಲಿಯರೆನ್ಸ್ ಇದೇನೇ, ಊರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಿಸಿಸಿ ತಗೊಂಡ ಹಾಗೆ. ಇದರಲ್ಲಿ ಅರೆಸ್ಟ್ ಕಾಣತ್ತೆ, ಕೇಸ್ ಏನಾಯ್ತು ಅನ್ನೋ ಕಾಲಂ ಎಷ್ಟೋ ಸಲ ಖಾಲಿ ಇರತ್ತೆ, ಯಾಕಂದ್ರೆ ಕೋರ್ಟಿಂದ ಆ ಸುದ್ದಿ ಅಲ್ಲಿಗೆ ತಲುಪಿರಲ್ಲ. ಆ ಖಾಲಿ ಕಾಲಂ ಎಂಥಾ ಅನಾಹುತ ಮಾಡತ್ತೆ ಅನ್ನೋದು 2025ರ ಏಪ್ರಿಲ್‌ನಲ್ಲಿ ಎಲ್ರಿಗೂ ಕಾಣ್ತು. ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನ ಎಫ್‌ಬಿಐ ನಡೆಸೋ ಎನ್‌ಸಿಐಸಿ ಅನ್ನೋ ಅಪರಾಧ ಡೇಟಾಬೇಸ್ ಜೊತೆ ತಾಳೆ ನೋಡಿ ಸರ್ಕಾರದವರು ಸಾವಿರಾರು ಜನರ ಸೆವಿಸ್ ರೆಕಾರ್ಡ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ರದ್ದು ಮಾಡಿದ್ರು, ಅದರಲ್ಲಿ ಕೇಸ್ ವಜಾ ಆದವರು, ಆರೋಪವೇ ದಾಖಲಾಗದವರು, ಬರೀ ಟ್ರಾಫಿಕ್ ಕೇಸಿನವರೂ ಇದ್ರು, ನಮ್ಮ ದೇಶದ ಮಕ್ಕಳು ತುಂಬಾ ಜನ ಇದ್ರು. ಹಲವರು ಫೆಡರಲ್ ಕೋರ್ಟಿಗೆ ಹೋದ ಮೇಲೆ ತಿಂಗಳ ಕೊನೆಗೆ ಸರ್ಕಾರ ರೆಕಾರ್ಡ್‌ಗಳನ್ನ ವಾಪಸ್ ಚಾಲೂ ಮಾಡ್ತು. ಅಂಥಾ ಹೊತ್ತಲ್ಲಿ ಕೈಲಿ ಕೌಂಟಿ ಕೋರ್ಟಿನ ಸೀಲ್ ಹಾಕಿದ ವಜಾ ಆದೇಶ ಇರೋದು ಇಲ್ಲದೇ ಇರೋದು ಎಷ್ಟು ವ್ಯತ್ಯಾಸ ಯೋಚ್ನೆ ಮಾಡಿ.

ಬಿಸಿನೆಸ್ ಪಾರ್ಟ್ನರ್ ಬಗ್ಗೆ, ಕನ್ಸಲ್ಟೆನ್ಸಿ ಮಾಲೀಕರ ಬಗ್ಗೆ ಹುಡುಕ್ತಿದ್ರೆ ಕೌಂಟಿ ಸೈಟ್ ಸಾಲದು. ವೀಸಾ ಫ್ರಾಡ್, ವೈರ್ ಫ್ರಾಡ್ ಇವೆಲ್ಲ ಫೆಡರಲ್ ಕೇಸುಗಳು, ಪೇಸರ್ ಅನ್ನೋ ಸೈಟಲ್ಲಿ ನೋಡ್ಬೇಕು. ಪುಟಕ್ಕೆ 10 ಸೆಂಟ್, ಒಂದು ಡಾಕ್ಯುಮೆಂಟಿಗೆ ಹೆಚ್ಚಂದ್ರೆ 3 ಡಾಲರ್, ಮೂರು ತಿಂಗಳಿಗೆ 30 ಡಾಲರ್ ಒಳಗಿದ್ರೆ ಬಿಲ್ಲೇ ಬರಲ್ಲ. ಪೇಸರ್ ಕೇಸ್ ಲೊಕೇಟರ್‌ನಲ್ಲಿ ದೇಶದ ಎಲ್ಲಾ ಫೆಡರಲ್ ಕೋರ್ಟು ಒಟ್ಟಿಗೆ ಹುಡುಕಿ, ಯಾಕಂದ್ರೆ ಡಲ್ಲಾಸ್ ಊರು ನಾರ್ದರ್ನ್ ಡಿಸ್ಟ್ರಿಕ್ಟಿಗೆ ಸೇರಿದ್ರೆ ಪಕ್ಕದ ಕಾಲಿನ್, ಡೆಂಟನ್ ಎರಡೂ ಈಸ್ಟರ್ನ್ ಡಿಸ್ಟ್ರಿಕ್ಟಿಗೆ ಸೇರತ್ವೆ.

ದುಡ್ಡು ಕೇಳೋ ಸೈಟುಗಳು: ಎರಡು ಜಾತಿ ಇವೆ

ಒಂದು ಪೀಪಲ್ ಸರ್ಚ್ ಸೈಟು, ಹೆಸರು ಹಾಕಿದ ಕೂಡಲೇ "ರಿಪೋರ್ಟ್ ರೆಡಿಯಾಗ್ತಿದೆ" ಅಂತ ಗಿರಗಿರ ತಿರುಗೋದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಸ್ಪೋಕಿಯೋ ಕಂಪನಿಯಿಂದ 8 ಲಕ್ಷ ಡಾಲರ್ ದಂಡ ಕಟ್ಟಿಸ್ಕೊಳ್ತು. 2023ರಲ್ಲಿ ಟ್ರೂತ್‌ಫೈಂಡರ್ ಮತ್ತು ಇನ್‌ಸ್ಟಂಟ್ ಚೆಕ್‌ಮೇಟ್ ಸೇರಿ 58 ಲಕ್ಷ ಡಾಲರ್ ಕಟ್ಟಬೇಕಾಯ್ತು, ಬರೀ ಟ್ರಾಫಿಕ್ ಟಿಕೆಟ್ ಇದ್ದವರಿಗೂ ಕ್ರಿಮಿನಲ್ ರೆಕಾರ್ಡ್ ಇದೆ ಅನ್ನೋ ಥರ ತೋರಿಸಿ ಜನರನ್ನ ಚಂದಾಕ್ಕೆ ಎಳೀತಿದ್ರು ಅನ್ನೋದು ಅಲ್ಲಿನ ಆರೋಪಗಳಲ್ಲೊಂದು. ಇನ್ನೊಂದು ವಿಷಯ, ಕೋರ್ಟು ಸೀಲ್ ಮಾಡಿದ, ಅಳಿಸಿಹಾಕಿದ ಕೇಸು ಹಳೇ ಕಾಪಿಯಾಗಿ ಇಂಥಾ ಕಡೆ ಉಳ್ಕೊಂಡಿರತ್ತೆ. ಕಾನೂನೇ ಮರೆತುಬಿಡಿ ಅಂದಿದ್ದನ್ನ ಇವರು ಮಾರ್ತಿರ್ತಾರೆ.

ಎರಡನೇದು ಎಫ್‌ಸಿಆರ್‌ಎ (ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್) ಅನ್ನೋ 1970ರ ಕಾನೂನಿನ ಕೆಳಗೆ ನಡೆಯೋ ಬ್ಯಾಕ್‌ಗ್ರೌಂಡ್ ಚೆಕ್ ಕಂಪನಿಗಳು. ಮನೆ ಕೆಲಸಕ್ಕೋ ಮಗು ನೋಡ್ಕೊಳ್ಳೋಕೋ ಯಾರನ್ನಾದ್ರೂ ಇಟ್ಕೊಳ್ಳೋದಾದ್ರೆ ಈ ದಾರಿನೇ ಸರಿ, ಮೊದಲು ಅವರಿಗೆ ಬರವಣಿಗೆಯಲ್ಲಿ ತಿಳಿಸಿ ಸಹಿ ತಗೋಬೇಕು, ರಿಪೋರ್ಟ್ ನೋಡಿ ಬೇಡ ಅನ್ನೋದಾದ್ರೆ ಅದರ ಕಾಪಿ ಅವರಿಗೂ ಕೊಡ್ಬೇಕು, ತಪ್ಪಿದ್ರೆ ಅವರು ತಕರಾರು ಹಾಕಬಹುದು, ಕಂಪನಿ ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಿ ಉತ್ತರ ಕೊಡ್ಬೇಕು. ಶಿಕ್ಷೆ ಆಗದ ಅರೆಸ್ಟು ಏಳು ವರ್ಷ ಹಳೇದಾದ್ರೆ ರಿಪೋರ್ಟಲ್ಲಿ ಹಾಕೋ ಹಾಗಿಲ್ಲ, ಆದ್ರೆ ವರ್ಷಕ್ಕೆ 75,000 ಡಾಲರ್ ಮೇಲಿನ ಸಂಬಳದ ಕೆಲಸಕ್ಕೆ ಫೆಡರಲ್ ಕಾನೂನಿನ ಈ ಮಿತಿ ಇಲ್ಲ, ಕೆಲವು ರಾಜ್ಯಗಳು ಇನ್ನೂ ಬಿಗಿ ಮಾಡಿವೆ. ಐಟಿಯಲ್ಲಿರೋ ನಮ್ಮವರು ಹೆಚ್ಚಿನವರು ಆ ಸಂಬಳದ ಮೇಲೇ ಇರೋದ್ರಿಂದ ಇದು ತಿಳಿದಿರ್ಲಿ. ಮದುವೆ ಸಂಬಂಧಕ್ಕೆ ಅಂತ ಹುಡುಗನಿಗೆ ಗೊತ್ತಿಲ್ಲದೇ ಇಂಥಾ ರಿಪೋರ್ಟ್ ತೆಗೆಸೋ ಹಾಗಿಲ್ಲ, ಕಾನೂನು ಒಪ್ಪೋ ಕಾರಣ ಅದಲ್ಲ. ಸಾರ್ವಜನಿಕ ಕೋರ್ಟ್ ಸೈಟ್ ನೋಡೋದಕ್ಕೆ ಯಾರ ಅಡ್ಡಿಯೂ ಇಲ್ಲ. ಅದಕ್ಕಿಂತ ಒಳ್ಳೇದು, ಎರಡೂ ಕಡೆಯವರು ಮಾತಾಡ್ಕೊಂಡು ಇಬ್ಬರೂ ತಮ್ಮ ತಮ್ಮ ಎಫ್‌ಬಿಐ ರಿಪೋರ್ಟ್ ತೆಗೆಸಿ ತೋರಿಸೋದು, 18 ಡಾಲರಿಗೆ ಅನುಮಾನ ಮುಗಿಯತ್ತೆ.

ನಮ್ಮ ಹೆಸರುಗಳ ಪಾಡು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬೇರೆ ಗೈಡುಗಳಲ್ಲಿ ಇದು ಇರಲ್ಲ. ಕೋರ್ಟ್ ಸೈಟ್ ಲಾಸ್ಟ್ ನೇಮ್ ಮೊದಲು ಕೇಳತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನೋದೇ ಇಲ್ಲ, ಊರಿನ ಹೆಸರು ಅಪ್ಪನ ಹೆಸರು ಸೇರಿಸಿ ಪಾಸ್‌ಪೋರ್ಟ್ ಮಾಡಿಸಿರ್ತಾರೆ. ಊರಲ್ಲಿ ಎಚ್.ಎನ್. ಮಂಜುನಾಥ ಅಂತ ಕರೆಸ್ಕೊಳ್ಳೋರು ಇಲ್ಲಿ ಪಾಸ್‌ಪೋರ್ಟ್ ಪ್ರಕಾರ ಮಂಜುನಾಥ ಹಳ್ಳಿ ನಾಗರಾಜ್ ಆಗಿರಬಹುದು, ಲಾಸ್ಟ್ ನೇಮ್ ನಾಗರಾಜ್, ಅಂದ್ರೆ ಅಪ್ಪನ ಹೆಸರಲ್ಲಿ ಕೇಸು. ಇಲ್ಲಾ ಹಳ್ಳಿ ನಾಗರಾಜ್ ಎರಡೂ ಸೇರಿ ಲಾಸ್ಟ್ ನೇಮ್. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ವೀಸಾದಲ್ಲಿ ಇರೋ ಹೆಸರೇ ಲಾಸ್ಟ್ ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬಂದಿರತ್ತೆ, ಜೈಲ್ ಲಿಸ್ಟಲ್ಲೂ ಹಾಗೇ. ಗೌಡ ಅನ್ನೋದನ್ನ ಡಬ್ಲ್ಯು ಹಾಕಿಯೂ ಬರೀತಾರೆ ಯು ಹಾಕಿಯೂ ಬರೀತಾರೆ, ಶೆಟ್ಟಿಗೆ ಎಚ್ ಇರತ್ತೆ ಇರಲ್ಲ, ಲಕ್ಷ್ಮಿಗೆ ಎಕ್ಸ್ ಹಾಕೋರು ಒಬ್ಬರು ಕೆಎಸ್ ಹಾಕೋರು ಒಬ್ಬರು, ದೀಪಕ್‌ಗೆ ಎರಡು ಇ ಅಥವಾ ಒಂದು ಐ. ಜೈಲಲ್ಲಿ ಟೈಪ್ ಮಾಡಿದವರು ಕೇಳಿಸ್ಕೊಂಡ ಹಾಗೆ ಹಾಕಿದ್ರೆ ಇನ್ನೊಂದು ರೂಪ. ಆದ್ದರಿಂದ ಎಲ್ಲಾ ರೂಪದಲ್ಲೂ ಹುಡುಕಿ, ಹೆಸರು ಹಿಂದು ಮುಂದು ಮಾಡಿ ಹುಡುಕಿ, ಸೈಟ್ ಬಿಟ್ರೆ ಮೊದಲ ನಾಲ್ಕು ಅಕ್ಷರ ಹಾಕಿ ನಕ್ಷತ್ರ ಚಿಹ್ನೆ ಹಾಕಿ.

ಇದರ ಇನ್ನೊಂದು ಮುಖ ಹೆಚ್ಚು ಮುಖ್ಯ. ಸುರೇಶ್ ಕುಮಾರ್, ಪ್ರವೀಣ್ ಕುಮಾರ್ ಅಂತ ಡಲ್ಲಾಸ್ ಸುತ್ತಮುತ್ತ ಎಷ್ಟು ಜನ ಇರಬಹುದು ಯೋಚ್ನೆ ಮಾಡಿ. ಹೆಸರು ಒಂದೇ ಅಂತ ಮನುಷ್ಯ ಒಂದೇ ಆಗಲ್ಲ. ಹುಟ್ಟಿದ ವರ್ಷ ಕೂಡ್ಬೇಕು, ಮಧ್ಯದ ಹೆಸರು ಕೂಡ್ಬೇಕು, ಆಗ ಆ ಊರಲ್ಲಿದ್ರಾ ಅಂತ ನೋಡ್ಬೇಕು. ಇವು ಕೂಡದೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋದು ದಯವಿಟ್ಟು ಬೇಡ, ಕೂಡಿದ್ರೂ ಹಾಕೋದು ಬೇಡ, ತಿಳ್ಕೋಬೇಕಾದವರು ತಿಳ್ಕೊಂಡ್ರೆ ಸಾಕು.

ನಿಮ್ಮದೇ ಪೇಪರ್ ಬೇಕಾದಾಗ

ಆನ್‌ಲೈನ್ ಪ್ರಿಂಟೌಟು ಇಲ್ಲಿ ನಡೆಯಲ್ಲ. ಗ್ರೀನ್‌ಕಾರ್ಡ್, ಸಿಟಿಜನ್‌ಶಿಪ್ ಅರ್ಜಿ ನೋಡೋ ಯುಎಸ್‌ಸಿಐಎಸ್ ಇಲಾಖೆ ಕೇಳೋದು ಸರ್ಟಿಫೈಡ್ ಕೋರ್ಟ್ ಡಿಸ್ಪೊಸಿಶನ್, ಅಂದ್ರೆ ಕ್ಲರ್ಕ್ ಸೀಲ್ ಸಹಿ ಇರೋ ಕಾಪಿ. ಸಿಟಿಜನ್‌ಶಿಪ್‌ನ ಎನ್-400 ಫಾರ್ಮಲ್ಲಿ ಸೀಲ್ ಆದ, ಅಳಿಸಿಹೋದ ಅರೆಸ್ಟನ್ನೂ ಹೇಳ್ಬೇಕು. 2015ರಿಂದ ಕುಡಿದು ಗಾಡಿ ಓಡಿಸಿದ ಕೇಸಿಗೆ ಅರೆಸ್ಟ್ ಆದ್ರೆ ಸಾಕು, ತೀರ್ಪಿಗೂ ಕಾಯದೇ ವೀಸಾ ಸ್ಟ್ಯಾಂಪ್ ರದ್ದು ಮಾಡೋ ಪದ್ಧತಿ ಇದೆ, ಮುಂದಿನ ಸ್ಟ್ಯಾಂಪಿಂಗ್‌ಗೆ ಚೆನ್ನೈಗೋ ಹೈದರಾಬಾದಿಗೋ ಹೋದಾಗ ಇದೇ ಕಾಪಿ ಕೇಳ್ತಾರೆ.

ಕ್ಲರ್ಕ್ ಕೌಂಟರಿಗೆ ಕೇಸ್ ನಂಬರ್ ಜೊತೆ ಹೋಗಿ, "ಸರ್ಟಿಫೈಡ್ ಡಿಸ್ಪೊಸಿಶನ್ ಬೇಕು, ಇಮಿಗ್ರೇಶನ್‌ಗೆ" ಅಂತ ಹೇಳಿ, ಜೊತೆಗೆ ಮೂಲ ಆರೋಪಪತ್ರ ಮತ್ತು ತೀರ್ಪು ಅಥವಾ ವಜಾ ಆದೇಶ ಮೂರನ್ನೂ ಕೇಳಿ. ಫೀಸು ಕೌಂಟಿ ಮೇಲೆ ಬದಲಾಗತ್ತೆ, ಕ್ಯಾಲಿಫೋರ್ನಿಯಾದಲ್ಲಿ ಪುಟಕ್ಕೆ 50 ಸೆಂಟ್, ಸರ್ಟಿಫೈ ಮಾಡೋಕೆ 40 ಡಾಲರ್. ಎರಡು ಸೆಟ್ ತಗೊಳ್ಳಿ. ಕೇಸ್ ಅಳಿಸೋಕೆ ಅರ್ಜಿ ಹಾಕ್ತಿದ್ರೆ ಅದಕ್ಕೆ ಮುಂಚೆಯೇ ತಗೊಳ್ಳಿ, ಅಳಿಸಿದ ಮೇಲೆ ಕ್ಲರ್ಕ್ ಹತ್ರ ಕೊಡೋಕೆ ಏನೂ ಉಳಿದಿರಲ್ಲ ಆದ್ರೆ ಇಮಿಗ್ರೇಶನ್‌ನವರು ಆಗಲೂ ಕೇಳ್ತಾರೆ. ಆರೋಪವೇ ದಾಖಲಾಗದಿದ್ರೆ ಪ್ರಾಸಿಕ್ಯೂಟರ್ ಆಫೀಸಿಂದ ಕೇಸ್ ಹಾಕಿಲ್ಲ ಅಂತ ಪತ್ರ ತಗೊಳ್ಳಿ. ಫೈಲು ತುಂಬಾ ಹಳೇದಾಗಿ ಕೋರ್ಟೇ ನಾಶ ಮಾಡಿದ್ರೆ "ಹುಡುಕಿದ್ವಿ, ರೆಕಾರ್ಡ್ ಇಲ್ಲ" ಅಂತ ಕ್ಲರ್ಕ್ ಬರೆದುಕೊಡ್ತಾರೆ, ಅದರಲ್ಲಿ ನಿಮ್ಮ ಹೆಸರಿನ ಎಲ್ಲಾ ರೂಪಗಳೂ, ಜನ್ಮದಿನಾಂಕವೂ, ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಿದ್ರು ಅನ್ನೋದೂ ಇದೆಯಾ ಅಂತ ಕೌಂಟರ್ ಬಿಡೋಕೆ ಮುಂಚೆ ಓದಿ ನೋಡಿ.